ಕೆನ್ಸಲ್ ಗ್ರೀನ್‌ನಲ್ಲಿ ಮಲಗಿರುವ ಕೊಡಗಿನ ರಾಜ, ಮತ್ತು ನಮ್ಮ ಮನೆಯ ರಾತ್ರಿ ಓದು

ಕಳೆದ ವಾರ ನಮ್ಮ ಗುಂಪಿನಲ್ಲಿ ಒಬ್ಬರು ಕೇಳಿದ ಪ್ರಶ್ನೆ ತಲೆಯಲ್ಲೇ ಉಳಿದಿದೆ. "ಲಂಡನ್ನಿಗೆ ಬಂದು ಆರು ವರ್ಷ ಆಯ್ತು. ಕನ್ನಡ ಪುಸ್ತಕ ಕೈಯಲ್ಲಿ ಹಿಡಿದೇ ಇಲ್ಲ. ಹಳೇ ರಾಜರ ಕಥೆ, ಪತ್ತೇದಾರಿ ಅಂದ್ರೆ ಇಷ್ಟ. ಮಕ್ಕಳ ಕಿವಿಗೂ ಬೀಳಬೇಕು. ಎಲ್ಲಿಂದ ಶುರು ಮಾಡಲಿ?" ಎರಡು ಸಾಲಿನಲ್ಲಿ ಉತ್ತರ ಕೊಡಲು ಮನಸ್ಸು ಒಪ್ಪಲಿಲ್ಲ. ಮಕ್ಕಳು ಮಲಗಿದ ಮೇಲೆ ಕೂತು ಬರೆಯುತ್ತಿದ್ದೇನೆ.

ಮೊದಲ ಪುಸ್ತಕ ಯಾವುದು ಅನ್ನುವುದರಲ್ಲಿ ನನಗೆ ಅನುಮಾನವೇ ಇಲ್ಲ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’. ಅದರಲ್ಲೂ ಲಂಡನ್ನಿನಲ್ಲಿ ಇರುವವರಿಗೆ.

ಕೊಡಗಿನ ಕೊನೆಯ ರಾಜ ಚಿಕವೀರ ರಾಜೇಂದ್ರ. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಮಡಿಕೇರಿಗೆ ಬಂತು. ರಾಜನನ್ನು ಗದ್ದುಗೆಯಿಂದ ಇಳಿಸಿ ಕಾಶಿಗೆ ಕಳಿಸಿದರು. 1852ರಲ್ಲಿ ಅವನು ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಬಂದ. ಕಂಪನಿ ತನ್ನ ಬಳಿ ಇಟ್ಟುಕೊಂಡಿದ್ದ ಹಣವನ್ನು ವಾಪಸ್ ಕೊಡಿ ಎಂದು ಇಲ್ಲಿನ ಕೋರ್ಟಿಗೆ ಹೋದ. ಮತ್ತೆ ಊರು ನೋಡಲಿಲ್ಲ. 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ. ಅವನ ಸಮಾಧಿ ಇರುವುದು ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿ. ಬೇಕರ್‌ಲೂ ಲೈನಿನಲ್ಲಿ ಓಡಾಡುವ ನಮ್ಮಲ್ಲಿ ಎಷ್ಟೋ ಜನ ಆ ಸ್ಟೇಷನ್ನನ್ನು ನೂರಾರು ಸಲ ದಾಟಿದ್ದೇವೆ, ಅಲ್ವಾ? ನಾನೂ ದಾಟಿದ್ದೆ. ಪುಸ್ತಕ ಓದುವ ತನಕ ಅಲ್ಲಿ ನಮ್ಮ ಕಡೆಯವನೊಬ್ಬ ಇದ್ದಾನೆ ಎಂದು ಗೊತ್ತಿರಲಿಲ್ಲ.

ಗೌರಮ್ಮನ ಕಥೆ ಇನ್ನೂ ಕರುಳು ಹಿಂಡುತ್ತದೆ. ಇಲ್ಲಿಗೆ ಬಂದಾಗ ಅವಳಿಗೆ ಬರೀ 11 ವರ್ಷ. ಅದೇ ವರ್ಷ ಅವಳನ್ನು ಕ್ರೈಸ್ತ ಧರ್ಮಕ್ಕೆ ಸೇರಿಸಿದರು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನೂ ಕೊಟ್ಟಳು. ಅಲ್ಲಿಂದ ಅವಳು ವಿಕ್ಟೋರಿಯಾ ಗೌರಮ್ಮ. ಬೆಳೆದದ್ದು ಅಪ್ಪನ ಜೊತೆಯಲ್ಲಲ್ಲ, ಇಂಗ್ಲಿಷ್ ಮನೆಗಳಲ್ಲಿ. 1860ರಲ್ಲಿ ಒಬ್ಬ ಸೇನಾಧಿಕಾರಿಯ ಜೊತೆ ಮದುವೆಯಾಯಿತು. ಒಂದು ಹೆಣ್ಣು ಮಗುವಾಯಿತು. 1864ರಲ್ಲಿ, 23 ತುಂಬುವ ಮೊದಲೇ, ಕ್ಷಯ ಅವಳನ್ನು ತಿಂದುಬಿಟ್ಟಿತು. ಬ್ರಾಂಪ್ಟನ್ ಸ್ಮಶಾನದಲ್ಲಿ ಮಲಗಿದ್ದಾಳೆ. ಅಪ್ಪ ಒಂದು ಕಡೆ, ಮಗಳು ಇನ್ನೊಂದು ಕಡೆ.

ಕಾದಂಬರಿ ಬಹುಪಾಲು ನಡೆಯುವುದು ಮಡಿಕೇರಿ ಅರಮನೆಯ ಸುತ್ತ. ರಾಜ ಒಳ್ಳೆಯವನಲ್ಲ. ಕುಡುಕ, ಕ್ರೂರಿ. ಮಾಸ್ತಿ ಅದನ್ನು ಮುಚ್ಚಿಡುವುದಿಲ್ಲ. ಆದರೂ ಅವನನ್ನು ಪೂರ್ತಿ ದ್ವೇಷಿಸಲು ಬಿಡುವುದಿಲ್ಲ. ರಾಣಿಯ ತಾಳ್ಮೆ, ಮಂತ್ರಿ ಬೋಪಣ್ಣನ ಒಳಗಿನ ತೊಳಲಾಟ, ರಾಜನ ನೆರಳಿನಂತೆ ಇರುವ ಕುಂಟ ಬಸವ, ಎಲ್ಲರೂ ಕಣ್ಣ ಮುಂದೆ ಬಂದು ನಿಲ್ಲುತ್ತಾರೆ. ರಹಸ್ಯ ಇಷ್ಟಪಡುವವರಿಗೂ ಇದರಲ್ಲಿ ಜಾಗ ಇದೆ. ಬಸವನ ಹುಟ್ಟಿನ ಹಿಂದೆ ಒಂದು ಗುಟ್ಟು ಇದೆ. ಅದು ಬಿಚ್ಚಿಕೊಳ್ಳುವ ಹೊತ್ತಿಗೆ ಇಡೀ ಕಥೆಯೇ ಬೇರೆ ಬಣ್ಣಕ್ಕೆ ತಿರುಗುತ್ತದೆ. ಇದಕ್ಕಿಂತ ಜಾಸ್ತಿ ಹೇಳುವುದಿಲ್ಲ, ಓದುವವರ ಸುಖ ಕೆಡಿಸಬಾರದು.

ನಾವು ಇದನ್ನು ಚಳಿಗಾಲದಲ್ಲಿ ಓದಿದೆವು. ನಾಲ್ಕು ಗಂಟೆಗೇ ಕತ್ತಲಾಗುವ ದಿನಗಳು. ಊಟ ಆದ ಮೇಲೆ ನಾನು ಜೋರಾಗಿ ಓದುವುದು, ಮನೆಯವರು ಪಾತ್ರೆ ತೊಳೆಯುತ್ತಾ ಕೇಳುವುದು, ಮಗಳು ಸೋಫಾದ ಮೂಲೆಯಲ್ಲಿ ಹೊದ್ದುಕೊಂಡು ಕೂರುವುದು. ಅವಳಿಗೂ ಆಗ 11. ಮಕ್ಕಳು ಕೇಳಬಾರದ ಕ್ರೌರ್ಯ ಕೆಲವು ಕಡೆ ಇದೆ, ಮುಖ್ಯವಾಗಿ ರಾಜನ ತಂಗಿಯ ಮಗುವಿನ ಭಾಗ. ಅಲ್ಲಿ ನಾನು ಮೊದಲೇ ಓದಿಕೊಂಡು, ಬಿಟ್ಟು ಮುಂದೆ ಹೋದೆ. ನೀವೂ ಹಾಗೆ ಮಾಡಿ. ಪುಸ್ತಕ ಮುಗಿದ ಮೇಲೆ ಒಂದು ಶನಿವಾರ ವೆಸ್ಟ್ ಬ್ರಾಂಪ್ಟನ್‌ನಲ್ಲಿ ಇಳಿದು ಗೌರಮ್ಮನ ಹತ್ತಿರ ಹೋದೆವು. ಮಗಳು ಸುಮ್ನೆ ನಿಂತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು: "ಅಮ್ಮಾ, ಇವಳ ಜೊತೆ ಇಲ್ಲಿ ಕನ್ನಡದಲ್ಲಿ ಯಾರು ಮಾತಾಡ್ತಿದ್ರು?"

ಆ ಪ್ರಶ್ನೆ ಅವಳು ಕೇಳಿದ್ದು ಕನ್ನಡದಲ್ಲಿ. ನಾನು ಕೈ ಹಿಡಿದುಕೊಂಡೆ, ಅಷ್ಟೆ.

ನಮ್ಮ ಮಕ್ಕಳಿಗೆ ನಾವು ಕನ್ನಡ ಕಲಿಸುವುದು ಅಆಇಈಯಿಂದ. ಅದು ಬೇಕು, ಬೇಡ ಅನ್ನುತ್ತಿಲ್ಲ. ಆದರೆ ಎರಡು ವರ್ಷ ವಾರಕ್ಕೊಂದು ಕ್ಲಾಸಿಗೆ ಹೋದರೂ ನನ್ನ ಮಗಳು ಕನ್ನಡದಲ್ಲಿ ಒಂದು ಪ್ರಶ್ನೆಯನ್ನೂ ತಾನಾಗಿ ಕೇಳಿರಲಿಲ್ಲ. "ಮುಂದೇನಾಯ್ತು?" ಅನ್ನುವ ಆಸೆ ಹುಟ್ಟಿದ ಮೇಲೆ ಕೇಳಲು ಶುರು ಮಾಡಿದಳು. ಹಳೇ ಯುದ್ಧದ ಕಥೆಗೂ ಕೊಲೆಯ ಕಥೆಗೂ ಆ ಎಳೆತ ಇದೆ. ಗೊತ್ತಿಲ್ಲದ ಪದ ಬಂದರೂ ಮಗು ನಿಲ್ಲುವುದಿಲ್ಲ, ಕಥೆಯೇ ದಾಟಿಸಿಕೊಂಡು ಹೋಗುತ್ತದೆ.

ತ.ರಾ.ಸು. ಅವರ ‘ದುರ್ಗಾಸ್ತಮಾನ’ದಲ್ಲಿ ಇದು ಚೆನ್ನಾಗಿ ಗೊತ್ತಾಯಿತು. ಚಿತ್ರದುರ್ಗದ ಕೊನೆಯ ಪಾಳೆಯಗಾರ ಮದಕರಿ ನಾಯಕನ ಕಥೆ. 1779ರಲ್ಲಿ ಹೈದರಾಲಿಗೆ ಕೋಟೆ ಸೋತು ಬೀಳುವಲ್ಲಿಗೆ ಮುಗಿಯುತ್ತದೆ. ಕೊನೆ ಏನು ಅಂತ ಹೆಸರಲ್ಲೇ ಇದೆ. ಆದರೂ ಓದುತ್ತಾ ಹೋದಂತೆ "ಈ ಸಲವಾದರೂ ಉಳಿಯಲಿ" ಅನ್ನಿಸುತ್ತದೆ! ತ.ರಾ.ಸು. ಆ ಸೀಮೆಯವರೇ, ತಳುಕಿನವರು. ದುರ್ಗದ ಬಗ್ಗೆ ಸಾಲು ಸಾಲು ಕಾದಂಬರಿ ಬರೆದು ಕೊನೆಗೆ ಬರೆದದ್ದು ಇದನ್ನು. 1984ರಲ್ಲಿ ತೀರಿಕೊಂಡರು. ಮರುವರ್ಷ ಈ ಪುಸ್ತಕಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಬುರುಜು, ಬತೇರಿ, ಲಗ್ಗೆ, ಮುತ್ತಿಗೆ, ಕೊತ್ತಲ, ಈ ಪದಗಳೆಲ್ಲ ನಮ್ಮ ಮನೆಗೆ ಬಂದದ್ದು ಇಲ್ಲಿಂದ. ಈಗ ಮಗ ಬಿಸ್ಕತ್ತಿನ ಡಬ್ಬಕ್ಕೆ ಕೈ ಹಾಕಿದರೆ ಅಕ್ಕ "ಅಮ್ಮಾ, ಲಗ್ಗೆ!" ಎಂದು ಕೂಗುತ್ತಾಳೆ. ಪುಸ್ತಕ ದಪ್ಪ ಇದೆ ಎಂದು ಹೆದರಬೇಡಿ. ದಪ್ಪವೇ ಒಳ್ಳೆಯದು, ಎರಡು ಮೂರು ತಿಂಗಳು ಮನೆಯಲ್ಲೇ ಇರುತ್ತದೆ. ಅಷ್ಟು ಸಮಯ ಇಲ್ಲದವರು ಅವರದೇ ‘ಕಂಬನಿಯ ಕುಯಿಲು’ ಹಿಡಿಯಿರಿ. ಅದನ್ನು ಮುಗಿಸಿದರೆ ‘ರಕ್ತರಾತ್ರಿ’, ‘ತಿರುಗುಬಾಣ’ ನೀವಾಗಿಯೇ ಹುಡುಕುತ್ತೀರಿ. ಅರಮನೆಯ ಒಳಸಂಚು ಅಂದರೆ ಇಷ್ಟ ಅನ್ನುವವರಿಗೆ ಈ ಮೂರು ಸಾಕು.

ಊರು ಬಿಟ್ಟು ಬಂದವರ ಸಂಕಟ ಗೊತ್ತಿರುವ ಪುಸ್ತಕ ಬೇಕೆಂದರೆ ವಸುಧೇಂದ್ರರ ‘ತೇಜೋ ತುಂಗಭದ್ರಾ’. ತೇಜೋ ಅಂದರೆ ಲಿಸ್ಬನ್ ಪಕ್ಕದಲ್ಲಿ ಹರಿಯುವ ನದಿ. ಒಂದು ದಡದಲ್ಲಿ ಗೇಬ್ರಿಯಲ್ ಮತ್ತು ಯಹೂದಿ ಹುಡುಗಿ ಬೆಲ್ಲಾ. ಇನ್ನೊಂದು ನದಿಯ ದಡದಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ, ಹಂಪಮ್ಮ. ಹಣ ಮಾಡಿಕೊಂಡು ವಾಪಸ್ ಬರುತ್ತೇನೆ ಎಂದು ಹೇಳಿ ಹಡಗು ಹತ್ತುವ ಹುಡುಗನನ್ನು ಓದುವಾಗ ನನ್ನ ಗಂಟಲು ಕಟ್ಟಿತು. ನಾವೂ ಹಾಗೆ ಹೇಳಿಯೇ ಬಂದವರಲ್ವಾ? 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದರು ಎಂದು ಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೆವು. ಆ ಹಡಗುಗಳ ಒಳಗೆ ಇದ್ದವರು ಯಾರು, ಯಾವ ಬಡತನ, ಯಾವ ಭಯ ಅವರನ್ನು ಹತ್ತಿಸಿತು ಅಂತ ನನಗೆ ತಿಳಿದದ್ದು ಇಲ್ಲಿ. ಇದು ದೊಡ್ಡವರ ಪುಸ್ತಕ. ಹಿಂಸೆ ಜಾಸ್ತಿ ಇದೆ, ಎರಡೂ ದೇಶಗಳಲ್ಲಿ. ಹದಿನಾರು ದಾಟಿದ ಮಕ್ಕಳಿಗೆ ಕೊಡಿ. ಕನ್ನಡ ಅಕ್ಷರ ಬಾರದ ಮಕ್ಕಳಿಗೆ ಇಂಗ್ಲಿಷ್ ಅನುವಾದವೂ ಇದೆ, ‘ಚಿಕವೀರ ರಾಜೇಂದ್ರ’ಕ್ಕೂ ಇದೆ. ಅನುವಾದದಲ್ಲಿ ಓದಿದರೆ ಕನ್ನಡ ಹೋಯಿತು ಎಂದು ನನಗೆ ಅನ್ನಿಸುವುದಿಲ್ಲ. ಅಪ್ಪ ಅಮ್ಮ ಓದುವ ಕಥೆ ತನಗೂ ಗೊತ್ತು ಅನ್ನುವುದು ಮಗುವಿಗೆ ದೊಡ್ಡ ವಿಷಯ.

ಇನ್ನು ಪತ್ತೇದಾರಿ.

ನನ್ನ ಅಮ್ಮ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಎನ್. ನರಸಿಂಹಯ್ಯನವರ ಪುಸ್ತಕ ಬಾಡಿಗೆಗೆ ತಂದು ಓದುತ್ತಿದ್ದರು. ಪತ್ತೇದಾರ ಪುರುಷೋತ್ತಮ ನಮ್ಮ ಮನೆಯಲ್ಲಿ ನೆಂಟನಂತೆ ಇದ್ದ. ನರಸಿಂಹಯ್ಯನವರು ಶಾಲೆಯಲ್ಲಿ ಓದಿದ್ದು ನಾಲ್ಕನೇ ಕ್ಲಾಸ್ ತನಕ. ಬರೆದದ್ದು 500ಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ. ಅವರನ್ನು ದೊಡ್ಡ ಸಾಹಿತಿಗಳ ಸಾಲಿನಲ್ಲಿ ಯಾರೂ ಕೂರಿಸಲಿಲ್ಲ. ನನಗೆ ಇದು ಈಗಲೂ ಬೇಸರ. ಲಕ್ಷಾಂತರ ಜನಕ್ಕೆ ಓದುವ ಚಟ ಹತ್ತಿಸಿದವರು ಅವರು. ಸಣ್ಣ ವಾಕ್ಯ, ಸರಳ ಕನ್ನಡ, ಪ್ರತಿ ಅಧ್ಯಾಯದ ಕೊನೆಗೂ ಒಂದು ಕೊಕ್ಕೆ. ಈಗಷ್ಟೇ ಅಕ್ಷರ ಜೋಡಿಸಿ ಓದಲು ಕಲಿತ ಹನ್ನೆರಡು ಹದಿಮೂರರ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಠ್ಯ ನಾನು ನೋಡಿಲ್ಲ. ಊರಿಗೆ ಹೋದಾಗ ಹಳೇ ಪುಸ್ತಕದ ಅಂಗಡಿಯಲ್ಲಿ ಕಂಡರೆ ಬಿಡಬೇಡಿ.

ಆದರೆ ನಾನು ಕೈಗೆ ಕೊಟ್ಟು "ಇದನ್ನು ಇವತ್ತೇ ಓದು" ಅನ್ನುವುದು ತೇಜಸ್ವಿಯವರ ‘ಜುಗಾರಿ ಕ್ರಾಸ್’. ಸುರೇಶ, ಗೌರಿ ಎಂಬ ಗಂಡ ಹೆಂಡತಿ. ಬೆಳೆದ ಏಲಕ್ಕಿ ಮಾರಲು ಹೊರಟವರು ತಮಗೆ ಗೊತ್ತೇ ಇಲ್ಲದ ಒಂದು ಜಾಲದೊಳಗೆ ಸಿಕ್ಕಿಕೊಳ್ಳುತ್ತಾರೆ. ಒಂದು ಹಗಲು, ಒಂದು ರಾತ್ರಿ. ಘಾಟಿಯ ಕಾಡು, ರೈಲು, ಕಳ್ಳಸಾಗಣೆ, ಕೆಂಪು ಕಲ್ಲಿನ ರಹಸ್ಯ, ಹಳೇ ಕಾವ್ಯದಲ್ಲಿ ಅಡಗಿರುವ ಒಗಟು. ಮಲೆನಾಡು ಅಂದರೆ ಮಳೆ, ಹಸಿರು, ನೀರು ದೋಸೆ ಎಂದು ಮಕ್ಕಳಿಗೆ ಹೇಳಿ ಹೇಳಿ ನಾವು ಅದನ್ನು ಕ್ಯಾಲೆಂಡರ್ ಮಾಡಿಬಿಟ್ಟಿದ್ದೇವೆ. ತೇಜಸ್ವಿ ಆ ಕಾಡಿನಲ್ಲಿ ಯಾರು ಬದುಕುತ್ತಾರೆ, ಯಾರು ಕಡಿಯುತ್ತಾರೆ, ಯಾರು ದುಡ್ಡು ಮಾಡುತ್ತಾರೆ ಅನ್ನುವುದನ್ನು ತೋರಿಸುತ್ತಾರೆ. ಅದು ಹಿಡಿಸಿದರೆ ‘ಚಿದಂಬರ ರಹಸ್ಯ’ಕ್ಕೆ ಹೋಗಿ. ಅಲ್ಲಿ ಏಲಕ್ಕಿ ವಿಜ್ಞಾನಿಯೊಬ್ಬನ ಸಾವಿನ ತನಿಖೆ ಇದೆ. ಆದರೆ ಕೊನೆಗೆ ಕಾಡುವುದು ಕೊಂದವರು ಯಾರು ಅನ್ನುವುದಲ್ಲ, ಕೆಸರೂರು ಎಂಬ ಊರಿಗೆ ಊರೇ ಹಾಳಾಗುವ ರೀತಿ. ನಾನು ಅದನ್ನು ಮೂರು ಸಲ ಓದಿದ್ದೇನೆ.

ಇತಿಹಾಸ, ರಹಸ್ಯ ಎರಡೂ ಒಂದೇ ಪುಸ್ತಕದಲ್ಲಿ ಬೇಕು ಅನ್ನುವವರಿಗೆ ಕೆ.ಎನ್. ಗಣೇಶಯ್ಯ ಇದ್ದಾರೆ. ಕೃಷಿ ವಿಜ್ಞಾನಿ. ಅವರ ‘ಕನಕ ಮುಸುಕು’ ಒಂದು ವಿಚಿತ್ರ ಪ್ರಶ್ನೆಯ ಸುತ್ತ ಇದೆ. ಹೊಯ್ಸಳರ ಗುಡಿಗಳಲ್ಲಿ ಕೆಲವು ಶಿಲ್ಪಗಳ ಕೈಯಲ್ಲಿ ಮುಸುಕಿನ ಜೋಳದ ತೆನೆಯಂತೆ ಕಾಣುವುದೊಂದು ಇದೆ. ಸೋಮನಾಥಪುರದ ಗುಡಿ ಕಟ್ಟಿದ್ದು 1258ರಲ್ಲಿ. ಮುಸುಕಿನ ಜೋಳ ಅಮೆರಿಕದ ಬೆಳೆ. ಕೊಲಂಬಸ್ ಅಲ್ಲಿಗೆ ಹೋದದ್ದು 1492ರಲ್ಲಿ. ಹಾಗಾದರೆ ಶಿಲ್ಪಿಯ ಕಣ್ಣಿಗೆ ಅದು ಬಿದ್ದದ್ದು ಹೇಗೆ? ಅದು ಜೋಳವೇ ಅಲ್ಲ, ಮುತ್ತು ಪೋಣಿಸಿದ ಕಲ್ಪನೆಯ ಹಣ್ಣು ಅನ್ನುವ ವಿದ್ವಾಂಸರೂ ಇದ್ದಾರೆ. ಹೋದ ರಜೆಯಲ್ಲಿ ಊರಿಗೆ ಹೋದಾಗ ಮಕ್ಕಳನ್ನು ಸೋಮನಾಥಪುರಕ್ಕೆ ಕರೆದುಕೊಂಡು ಹೋದೆ. "ಜೋಳ ಹುಡುಕಿ" ಅಂದೆ, ಅಷ್ಟೆ. ಸಾಮಾನ್ಯವಾಗಿ ಹತ್ತು ನಿಮಿಷಕ್ಕೆ "ಹೋಗೋಣ ಅಮ್ಮಾ" ಅನ್ನುವವರು ಗುಡಿಯ ಸುತ್ತ ಎರಡು ಗಂಟೆ ತಿರುಗಿದರು. ಮಗ ಪ್ರತಿ ಶಿಲ್ಪದ ಕೈಯನ್ನೂ ನೋಡಿದ. ಬರವಣಿಗೆ ಕೆಲವು ಕಡೆ ಅವಸರದ್ದು ಅನ್ನಿಸುತ್ತದೆ, ಪಾತ್ರಗಳು ಮಾಸ್ತಿಯವರ ಪಾತ್ರಗಳಷ್ಟು ಆಳಕ್ಕೆ ಇಳಿಯುವುದಿಲ್ಲ. ಆದರೆ ನಾಳೆ ಹೋಗಿ ನೋಡಬಹುದಾದ ಜಾಗಗಳಿಗೆ ಕಥೆ ಕಟ್ಟುವುದರಲ್ಲಿ ಅವರದೇ ದಾರಿ ಇದೆ. ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ಸುತ್ತ ಇರುವ ‘ಬಳ್ಳಿಕಾಳ ಬೆಳ್ಳಿ’ಯನ್ನೂ ಓದಿ.

ಇನ್ನೊಂದನ್ನು ಹೇಳಲೇಬೇಕು. ಇಲ್ಲಿ ಬೆಳೆಯುವ ಮಕ್ಕಳು ಬ್ರಿಟಿಷ್ ಮ್ಯೂಸಿಯಮ್ಮಿಗೆ ಹೋಗಿ ಮಮ್ಮಿಗಳನ್ನು ನೋಡಿ ಬರುತ್ತಾರೆ. ಪ್ರಾಚೀನ ಈಜಿಪ್ಟಿನ ಬಗ್ಗೆ ಕನ್ನಡದಲ್ಲೇ ಒಂದು ದೊಡ್ಡ ಕಾದಂಬರಿ ಇದೆ ಎಂದು ಹೇಳಿದರೆ ನಂಬುವುದಿಲ್ಲ. ನಿರಂಜನರ ‘ಮೃತ್ಯುಂಜಯ’. ಪಿರಮಿಡ್ ಕಟ್ಟಿಸಿದ ದೊರೆಗಳದ್ದಲ್ಲ, ಕಂದಾಯ ಕಟ್ಟಿ ಸೋತ ಸಾಮಾನ್ಯ ಜನ ತಿರುಗಿ ಬಿದ್ದ ಕಥೆ. ನಿಧಾನವಾಗಿ ಓದಬೇಕಾದ ಪುಸ್ತಕ, ಮೊದಲ ನೂರು ಪುಟ ತಾಳ್ಮೆ ಬೇಕು.

ಹೊಯ್ಸಳ ರಾಣಿಯ ಕಥೆ, ಕೆ.ವಿ. ಅಯ್ಯರ್ ಅವರ ‘ಶಾಂತಲಾ’ ಬಗ್ಗೆ ನಮ್ಮ ಗುಂಪಿನಲ್ಲಿ ಇಬ್ಬರು ಗೆಳತಿಯರು ಆಗಲೇ ಬರೆದಿದ್ದಾರೆ, ನಾನು ಮತ್ತೆ ಹೇಳುವುದಿಲ್ಲ. ನನ್ನ ಅತ್ತೆಗೆ ಅದು ಪ್ರಾಣ.

ಪುಸ್ತಕ ಎಲ್ಲಿ ಸಿಗುತ್ತದೆ ಎಂದು ಕೆಲವರು ಕೇಳಿದ್ದೀರಿ. ಮೊಬೈಲಿನಲ್ಲಿ ಓದುವವರಿಗೆ, ಕೇಳುವವರಿಗೆ ಮೈಲ್ಯಾಂಗ್ ಆ್ಯಪ್ ಇದೆ. ಕಾರಿನಲ್ಲಿ ಮಕ್ಕಳ ಜೊತೆ ಕೇಳಲು ಆಡಿಯೋ ಪುಸ್ತಕ ತುಂಬಾ ಅನುಕೂಲ. ಕಾಗದದ ಪುಸ್ತಕವೇ ಬೇಕು ಅನ್ನುವವರಿಗೆ ಊರಿನಿಂದ ಬರುವವರ ಸೂಟ್‌ಕೇಸೇ ದಾರಿ. ನಾನು ಒಂದು ಸಲ ಅಂಚೆಯಲ್ಲಿ ತರಿಸಿದೆ. ಪೊಟ್ಟಣ ನೆನೆದು ಬಂತು, ನಾಲ್ಕರಲ್ಲಿ ಎರಡು ಪುಸ್ತಕದ ಹಾಳೆ ಅಂಟಿಕೊಂಡಿದ್ದವು. ಈಗ ಊರಿಂದ ಬರುವಾಗ ಪ್ರತಿ ಸಲವೂ ಸೂಟ್‌ಕೇಸಿನ 23 ಕಿಲೋದಲ್ಲಿ ಐದು ಕಿಲೋ ಪುಸ್ತಕಕ್ಕೆ ಎಂದು ಮೊದಲೇ ತೆಗೆದಿಡುತ್ತೇನೆ.

ನನ್ನ ಹತ್ತಿರ ‘ಜುಗಾರಿ ಕ್ರಾಸ್’ ಎರಡು ಪ್ರತಿ ಇದೆ, ‘ಕಂಬನಿಯ ಕುಯಿಲು’ ಒಂದು. ಯುಗಾದಿ ಊಟಕ್ಕೆ ಸೇರುವಾಗ ತರುತ್ತೇನೆ. ಪ್ರಶ್ನೆ ಕೇಳಿದವರು ಮೊದಲು ತೆಗೆದುಕೊಳ್ಳಲಿ. ಮತ್ತೆ, ಬೇಸಿಗೆಯಲ್ಲಿ ಒಂದು ಶನಿವಾರ ಎಲ್ಲರೂ ಮಕ್ಕಳ ಜೊತೆ ಕೆನ್ಸಲ್ ಗ್ರೀನ್‌ಗೆ ಹೋಗೋಣವಾ? ಮಗಳು ಗೌರಮ್ಮನನ್ನು ನೋಡಿ ಬಂದಾಗಿನಿಂದ ಅಪ್ಪನನ್ನೂ ನೋಡಬೇಕು ಅನ್ನುತ್ತಿದ್ದಾಳೆ. ಬರುವವರು ತಿಳಿಸಿ, ಬುತ್ತಿ ನಾನು ಕಟ್ಟುತ್ತೇನೆ.