56 ವರ್ಷ, 106 ಕಿಲೊ: ಸ್ಕೈಡೈವಿಂಗ್ ಕಲಿಯಬಹುದೇ?

ಪ್ರಶ್ನೆ (ಫೀನಿಕ್ಸ್‌ನ ಹಾಸನದವನು):

ಎಲ್ಲರಿಗೂ ನಮಸ್ಕಾರ. ನನಗೆ 56 ವರ್ಷ, ತೂಕ 106 ಕಿಲೊ. ಕಳೆದ ತಿಂಗಳು ಮಗಳ ಒತ್ತಾಯಕ್ಕೆ ಅರಿಝೋನಾದ ಈಲಾಯ್‌ನಲ್ಲಿ ಟ್ಯಾಂಡೆಮ್ ಜಿಗಿತ ಮಾಡಿದೆ. ಸುಮಾರು 13,000 ಅಡಿ ಎತ್ತರದಿಂದ ತರಬೇತುದಾರರ ಎದೆಗೆ ಬಿಗಿಸಿಕೊಂಡ ಮೂಟೆಯಂತೆ ಇಳಿದು ಬಂದವನಿಗೆ, ಮುಂದಿನ ಸಲ ಪ್ಯಾರಾಚೂಟನ್ನು ನಾನೇ ಬಿಚ್ಚಬೇಕೆಂಬ ಆಸೆ ಹುಟ್ಟಿಬಿಟ್ಟಿದೆ. ಆದರೆ ಒಂದು ತರಬೇತಿ ಶಾಲೆಯವರು ನನ್ನ ತೂಕ ಕೇಳಿದ ಕೂಡಲೇ ಆಗುವುದಿಲ್ಲ ಎಂದರು. ಇನ್ನೊಂದು ಶಾಲೆಯವರು ಏನನ್ನೂ ವಿಚಾರಿಸದೆ ಹಣ ಕಟ್ಟಿ ಬನ್ನಿ ಎಂದರು. ಈ ವಯಸ್ಸಿನಲ್ಲಿ ಕಾಲು ಮುರಿದುಕೊಂಡರೆ ತಾನು ನೋಡಿಕೊಳ್ಳುವುದಿಲ್ಲ ಎಂದು ಮನೆಯಾಕೆ ಈಗಾಗಲೇ ಘೋಷಿಸಿದ್ದಾಳೆ. ನಿಜವಾದ ಅಡ್ಡಿ ಯಾವುದು, ವಯಸ್ಸೋ ತೂಕವೋ? ಹಣ ಕಟ್ಟುವ ಮೊದಲು ಏನೇನು ನೋಡಿಕೊಳ್ಳಬೇಕು?

ಉತ್ತರ (ಐವತ್ತಕ್ಕೆ ಕಲಿತವನು, ಕ್ಯಾಲಿಫೋರ್ನಿಯಾ):

ಸರ್, ಬೇಡವೆಂದ ಶಾಲೆಯ ಮೇಲೆ ಬೇಸರಪಡಬೇಡಿ. ನನಗೆ ಅನುಮಾನ ಬರುವುದು ಏನನ್ನೂ ಕೇಳದೆ ಬನ್ನಿ ಎಂದವರ ಮೇಲೆ. ಅಮೆರಿಕದ ಪ್ಯಾರಾಚೂಟ್ ಸಂಘದ ನಿಯಮಗಳಲ್ಲಿ ವಯಸ್ಸಿಗೆ ಮೇಲಿನ ಮಿತಿಯಿಲ್ಲ. ತೂಕದ ಮಿತಿಯನ್ನು ನಿರ್ಧರಿಸುವುದು ಸಲಕರಣೆ. ಹಾರ್ನೆಸ್ (ಮೈಗೆ ಬಿಗಿಯುವ ಪಟ್ಟಿಗಳು) ಮತ್ತು ರಿಸರ್ವ್ ಪ್ಯಾರಾಚೂಟುಗಳ (ಮುಖ್ಯದ್ದು ಕೈಕೊಟ್ಟರೆ ಬಳಸುವಂಥವು) ಮೇಲೆ ಅವು ಎಷ್ಟು ಭಾರಕ್ಕೆ ಪರೀಕ್ಷಿತವಾಗಿವೆ ಎಂಬುದನ್ನು ಮುದ್ರಿಸಿರುತ್ತಾರೆ. ಹಲವು ಸಲಕರಣೆಗಳಲ್ಲಿ ಅದು 254 ಪೌಂಡ್, ಅಂದರೆ ಸುಮಾರು 115 ಕಿಲೊ. ಲೆಕ್ಕಕ್ಕೆ ಬರುವುದು ವಿಮಾನದ ಬಾಗಿಲಿನಿಂದ ಹೊರಬೀಳುವಾಗಿನ ಒಟ್ಟು ತೂಕ. ನಿಮ್ಮ 106 ಕಿಲೊಗೆ ಬೆನ್ನಿನ ಮೇಲಿನ ಸುಮಾರು 15 ಕಿಲೊ ಸೇರಿದರೆ 121 ಆಯಿತು. ಆದ್ದರಿಂದ ಅಂಥ ಸಲಕರಣೆ ನಿಮಗೆ ಸಲ್ಲದು. ಹೆಚ್ಚಿನ ಮಿತಿಯದನ್ನು ಇಟ್ಟುಕೊಂಡ ಶಾಲೆಯನ್ನು ಹುಡುಕಬೇಕು, ಇಲ್ಲವೇ ಏಳೆಂಟು ಕಿಲೊ ಇಳಿಸಬೇಕು.

ಎರಡನೆಯದು, ಮುಖ್ಯ ಪ್ಯಾರಾಚೂಟಿನ ವಿಸ್ತೀರ್ಣ. ಒಂದು ಚದರ ಅಡಿ ಬಟ್ಟೆ ಎಷ್ಟು ಪೌಂಡ್ ಹೊರುತ್ತದೆ ಎಂಬ ಅನುಪಾತ ವಿದ್ಯಾರ್ಥಿಗೆ 1ರ ಒಳಗಿರುವುದು ಕ್ಷೇಮ. ನಿಮ್ಮ 267 ಪೌಂಡನ್ನು 280 ಚದರ ಅಡಿಯ ಪ್ಯಾರಾಚೂಟ್ ಹೊತ್ತರೆ 0.95 ಆಗುತ್ತದೆ, 230 ಚದರ ಅಡಿಯದನ್ನು ಕೊಟ್ಟರೆ 1.16ಕ್ಕೆ ಏರಿ, ನೆಲ ನಿಮ್ಮತ್ತ ನುಗ್ಗಿ ಬರುತ್ತದೆ. ಈಲಾಯ್‌ನ ಬೇಸಿಗೆ ಮಧ್ಯಾಹ್ನದಲ್ಲಂತೂ ಗಾಳಿ ತೆಳುವಾಗಿ ಇಳಿಯುವ ವೇಗ ಇನ್ನಷ್ಟು ಹೆಚ್ಚುತ್ತದೆ, ಬೆಳಗಿನ ಹೊತ್ತನ್ನೇ ಆರಿಸಿಕೊಳ್ಳಿ. ಭಾರದವರು ಮುಕ್ತ ಪತನದಲ್ಲೂ, ಅಂದರೆ ಪ್ಯಾರಾಚೂಟ್ ಬಿಚ್ಚುವ ಮೊದಲೂ, ಬೇಗ ಬೀಳುತ್ತಾರಾದ್ದರಿಂದ, ಅಕ್ಕಪಕ್ಕ ಹಿಡಿದುಕೊಂಡು ಬರುವ ತರಬೇತುದಾರರು ನಿಮ್ಮ ವೇಗಕ್ಕೆ ಹೊಂದಿಕೊಳ್ಳಬೇಕಾಗುತ್ತದೆ. ನಿಮಗೆ ಗಾಳಿ ತಡೆಯುವ ದೊಗಳೆ ಜಂಪ್‌ಸೂಟ್ ಕೊಡುವುದು ಅದಕ್ಕಾಗಿಯೇ.

ಅಮೆರಿಕದ ಮಾಜಿ ಅಧ್ಯಕ್ಷ ಹಿರಿಯ ಬುಷ್ 2014ರಲ್ಲಿ ತಮ್ಮ 90ನೇ ಹುಟ್ಟುಹಬ್ಬಕ್ಕೆ ಜಿಗಿದದ್ದನ್ನು ಯಾರಾದರೂ ಉದಾಹರಿಸಿದರೆ ಮರುಳಾಗಬೇಡಿ. ಅದು ಟ್ಯಾಂಡೆಮ್, ನೀವು ಕೇಳುತ್ತಿರುವುದೇ ಬೇರೆ ವಿದ್ಯೆ.

ಉತ್ತರ (ಫಿಸಿಯೋಥೆರಪಿಸ್ಟ್, ಮೈಸೂರು):

ನಾನು ಹಾರಿದವಳಲ್ಲ, ಹಾರಿ ಪೆಟ್ಟು ಮಾಡಿಕೊಂಡ ಕೆಲವರಿಗೆ ಚಿಕಿತ್ಸೆ ಕೊಟ್ಟವಳು. ಹೃದಯ, ರಕ್ತದೊತ್ತಡಗಳನ್ನು ನಿಮ್ಮ ವೈದ್ಯರು ಹೇಗೂ ನೋಡುತ್ತಾರೆ. ಎಲ್ಲರೂ ಮರೆಯುವುದು ಭುಜವನ್ನು. ಪ್ಯಾರಾಚೂಟ್ ಬಿಚ್ಚುವ ಹಿಡಿ ಸಾಮಾನ್ಯವಾಗಿ ಬೆನ್ನಿನ ಚೀಲದ ತಳದಲ್ಲಿ, ಬಲಗಡೆ ಇರುತ್ತದೆ ಎಂದು ಕೇಳಿದ್ದೇನೆ. ಗಂಟೆಗೆ ಸುಮಾರು 190 ಕಿಲೊಮೀಟರ್ ವೇಗದ ಗಾಳಿಯಲ್ಲಿ, ಕೈಗವಸು ಹಾಕಿದ ಕೈಯನ್ನು ಕಣ್ಣಿಗೆ ಕಾಣದ ಆ ಜಾಗಕ್ಕೆ ಒಯ್ಯಬೇಕು. ಅಂಗಿ ತೊಡುವಾಗಲೇ ತೋಳು ಹಿಂದಕ್ಕೆ ಹೋಗದಷ್ಟು ಭುಜ ಬಿಗಿದಿದ್ದರೆ ಮೊದಲು ಅದನ್ನು ಸಡಿಲಿಸಿಕೊಳ್ಳಿ. ಹಿಂದೆ ಎಂದಾದರೂ ಭುಜದ ಕೀಲು ತಪ್ಪಿದ್ದರೆ ಈ ಆಸೆಯನ್ನು ಬಿಡುವುದೇ ಒಳ್ಳೆಯದು, ಏಕೆಂದರೆ ಕೈಚಾಚಿದ ಭಂಗಿಯಲ್ಲಿ ಅದು ಮತ್ತೆ ತಪ್ಪಬಹುದು.

ಇನ್ನು ನಿಮ್ಮ ಮನೆಯವರ ಭಯ ಆಧಾರವಿಲ್ಲದ್ದಲ್ಲ. ಇಳಿಯುವಾಗ ಎರಡೂ ಪಾದ, ಮಂಡಿಗಳನ್ನು ಜೋಡಿಸಿ, ಪೆಟ್ಟನ್ನು ಮೀನಖಂಡ, ತೊಡೆ, ಪಕ್ಕೆಗಳಿಗೆ ಹಂಚುತ್ತ ಉರುಳುವುದನ್ನು ಕಲಿಸುತ್ತಾರೆ. ನಿಂತೇ ಇಳಿಯಬೇಕೆಂಬ ಬಿಂಕವೇ ಕಣಕಾಲು ಮುರಿಯುವುದು. ಒಂಟಿಕಾಲಿನಲ್ಲಿ ಅರ್ಧ ನಿಮಿಷ ನಿಲ್ಲುವುದನ್ನೂ, ನೆಲದಿಂದ ಕೈಯೂರದೆ ಏಳುವುದನ್ನೂ ಎರಡು ತಿಂಗಳು ಅಭ್ಯಾಸ ಮಾಡಿ.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಕೃತಜ್ಞತೆಗಳು. ಮೇಡಂ, ಒಂಟಿಕಾಲಿನಲ್ಲಿ ನಿಂತು ನೋಡಿದೆ: ಎಡಗಾಲಿನಲ್ಲಿ ಹನ್ನೊಂದು ಸೆಕೆಂಡು, ಅಷ್ಟರಲ್ಲಿ ಫ್ರಿಜ್ ಹಿಡಿದುಕೊಂಡೆ. ಬನ್ನಿ ಎಂದ ಶಾಲೆಗೆ ಫೋನ್ ಮಾಡಿ ರಿಸರ್ವ್‌ನ ಮಿತಿ ಕೇಳಿದರೆ ಅವರಿಗೆ ಉತ್ತರ ಗೊತ್ತಿರಲಿಲ್ಲ. ಆದ್ದರಿಂದ ಮೊದಲು ತೂಕವನ್ನು 98ಕ್ಕೆ ಇಳಿಸುತ್ತೇನೆ. ಅಲ್ಲಿಯವರೆಗೆ, ಕೆಳಗಿನಿಂದ ಗಾಳಿ ಊದಿ ಮನುಷ್ಯನನ್ನು ತೇಲಿಸುವ ಗಾಳಿಸುರಂಗದಲ್ಲಿ ಅಭ್ಯಾಸ ಮಾಡಿದರೆ ಪ್ರಯೋಜನವಿದೆಯೇ?

ಉತ್ತರ (ಐವತ್ತಕ್ಕೆ ಕಲಿತವನು):

ಖಂಡಿತ ಇದೆ. ನಿಜವಾದ ಜಿಗಿತದಲ್ಲಿ ಸಿಗುವ ಮುಕ್ತ ಪತನ ಒಂದು ನಿಮಿಷದಷ್ಟೇ. ಸುರಂಗದ ಹತ್ತು ನಿಮಿಷಗಳಲ್ಲಿ ಸೊಂಟವನ್ನು ಮುಂದೂಡಿ ಬೆನ್ನು ಬಾಗಿಸುವುದು ಮೈಗೆ ಹತ್ತುತ್ತದೆ. ಆದರೆ ಪ್ಯಾರಾಚೂಟ್ ನಡೆಸುವುದನ್ನು ಅದು ಕಲಿಸುವುದಿಲ್ಲ. ಮತ್ತೊಂದು ಮಾತು: ಮೊದಲ ಪರವಾನಗಿಗೆ ಕನಿಷ್ಠ 25 ಜಿಗಿತ ಬೇಕು, ನಡುವೆ 30 ದಿನ ಬಿಟ್ಟರೆ ಮತ್ತೆ ತರಬೇತುದಾರರೊಂದಿಗೆ ಹಾರಬೇಕು. ನಮ್ಮ ವಯಸ್ಸಿನಲ್ಲಿ ಕಲಿತದ್ದು ಬೇಗ ಜಾರುತ್ತದೆ. ಹಣ, ರಜೆ ಎರಡನ್ನೂ ಕೂಡಿಹಾಕಿಕೊಂಡು, ಅಕ್ಟೋಬರ್ ನಂತರ ಬಿಸಿಲು ಇಳಿದಾಗ ಒಂದೇ ಸಮನೆ ಮುಗಿಸುವಂತೆ ಯೋಜಿಸಿ.