ನೆಲೆಯಾದ ಮನೆಯಿಲ್ಲದವರು ಕಾರಿನ ವಿಮೆಗೆ ಯಾವ ವಿಳಾಸ ಕೊಡಬೇಕು?

ಪ್ರಶ್ನೆ: ಗುಳೆಯ ಮೇಸ್ತ್ರಿ, ಯಾದಗಿರಿ

ಮಾನ್ಯರೇ, ನಾನು ಕಟ್ಟಡ ಕಾಮಗಾರಿಯ ಮೇಸ್ತ್ರಿ. ಒಂದು ಸೈಟಿನ ಕೆಲಸ ಮುಗಿದೊಡನೆ ಇನ್ನೊಂದಕ್ಕೆ ಹೋಗಿ, ಗುತ್ತಿಗೆದಾರರು ಹಾಕಿಕೊಟ್ಟ ತಗಡಿನ ಶೆಡ್ಡಿನಲ್ಲಿ ಸಂಸಾರಸಮೇತ ಇರುತ್ತೇನೆ. ಸದ್ಯ ಹೈದರಾಬಾದಿನಲ್ಲಿದ್ದೇನೆ, ಮುಂದೆ ಪುಣೆಗೂ ಹೋಗಬೇಕಾಗಬಹುದು. ನನ್ನ ಕೆಎ-33 ಸಂಖ್ಯೆಯ ಕಾರಿನ ಆರ್‌ಸಿಯಲ್ಲಿ ಯಾದಗಿರಿಯ ಬಾಡಿಗೆ ಮನೆಯ ವಿಳಾಸವಿದ್ದು, ಆ ಮನೆಯನ್ನು ಬಿಟ್ಟು ಬಹಳ ಕಾಲವಾಗಿದೆ. ತಾಯಿಯವರು ಶಹಾಪುರದಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಾರೆ. ಬರುವ ತಿಂಗಳು ವಿಮೆಯ ಅವಧಿ ಮುಗಿಯುತ್ತದೆ. ಯಾವ ವಿಳಾಸ ಬರೆಸಿದರೆ ಮುಂದೆ ಕ್ಲೇಮಿಗೆ ತೊಡಕಾಗುವುದಿಲ್ಲವೆಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1: ವಿಮಾ ಏಜೆಂಟ್, ಕಲಬುರಗಿ

ತಾವು ಊರೂರು ತಿರುಗುವುದರಿಂದ ಪಾಲಿಸಿಗೆ ಧಕ್ಕೆಯಿಲ್ಲ. ಅದರ ವ್ಯಾಪ್ತಿ ಇಡೀ ಭಾರತ. ಥರ್ಡ್ ಪಾರ್ಟಿ (ತಮ್ಮ ಗಾಡಿಯಿಂದ ಬೇರೆಯವರಿಗಾಗುವ ಹಾನಿಯ) ಪ್ರೀಮಿಯಮ್ಮನ್ನು ಕೇಂದ್ರ ಸರ್ಕಾರವೇ ನಿಗದಿ ಮಾಡುವುದರಿಂದ ವಿಳಾಸ ಯಾವುದಾದರೂ ಅದು ಬದಲಾಗುವುದಿಲ್ಲ. 2022ರ ಜೂನ್ 1ರಿಂದ ಜಾರಿಗೆ ಬಂದ ದರದಂತೆ 1000ದಿಂದ 1500 ಸಿಸಿವರೆಗಿನ ಖಾಸಗಿ ಕಾರಿಗೆ ಅದು 3,416 ರೂಪಾಯಿ. ಸ್ವಂತ ವಾಹನದ ಹಾನಿಯ ಭಾಗಕ್ಕೆ ಮಾತ್ರ ವಲಯಭೇದವಿದೆ: ಹೈದರಾಬಾದ್, ಪುಣೆ, ಬೆಂಗಳೂರು ‘ಎ’ ವಲಯದಲ್ಲಿವೆ, ಯಾದಗಿರಿ ‘ಬಿ’ ವಲಯದಲ್ಲಿದೆ. ಈ ವಲಯವನ್ನು ನೋಡುವುದು ನೋಂದಣಿಯಾದ ಸ್ಥಳದಿಂದಲೇ ಹೊರತು ಶೆಡ್ಡು ಇರುವ ಊರಿನಿಂದಲ್ಲ.

2023ರ ಜನವರಿಯಿಂದ ಹೊಸ ಪಾಲಿಸಿಗಳಿಗೆ ಕೆವೈಸಿ (ಗ್ರಾಹಕರ ಗುರುತು, ವಿಳಾಸಗಳ ಪರಿಶೀಲನೆ) ಕಡ್ಡಾಯವಾಗಿರುವುದರಿಂದ ವಿಳಾಸಕ್ಕೆ ದಾಖಲೆ ಬೇಕು. ಶಹಾಪುರದ ವಿಳಾಸವನ್ನೇ ಕೊಡಿ. ಅದೇ ವರ್ಷದಿಂದ ಕುಟುಂಬದ ಮುಖ್ಯಸ್ಥರ ಒಪ್ಪಿಗೆಯ ಮೇರೆಗೆ ಆಧಾರ್ ವಿಳಾಸವನ್ನು ತಿದ್ದಿಸಿಕೊಳ್ಳುವ ಅವಕಾಶವಿದೆ; ತಾಯಿಯವರ ಆಧಾರ್ ಅಲ್ಲಿಯದಾಗಿದ್ದರೆ ತಮ್ಮದನ್ನೂ ಅಲ್ಲಿಗೆ ತರಬಹುದು.

ಉತ್ತರ 2: ಬರೀದಶಾಹಿ, ಬೀದರ್

ಏಜೆಂಟ್ ಸಾಹೇಬರು ಆರ್‌ಸಿಯ ವಿಚಾರವನ್ನು ಕೈಬಿಟ್ಟಿದ್ದಾರೆ. ನನ್ನ ಪ್ರಕಾರ ಮೊದಲ ಕೆಲಸವೇ ಅದು. ಮೋಟಾರು ವಾಹನ ಕಾಯ್ದೆ 1988ರ 49ನೇ ಕಲಮಿನಂತೆ, ಆರ್‌ಸಿಯಲ್ಲಿರುವ ವಿಳಾಸದಲ್ಲಿ ವಾಸ ತಪ್ಪಿದ 30 ದಿನಗಳೊಳಗೆ ಹೊಸ ವಿಳಾಸವನ್ನು ಆರ್‌ಟಿಒಗೆ ತಿಳಿಸಬೇಕು. ಸಾಲದ ಗಾಡಿಯಾದರೆ ಸಾಲ ಕೊಟ್ಟವರ ಒಪ್ಪಿಗೆಯೂ ಬೇಕಾಗುತ್ತದೆ. ಶಹಾಪುರವೂ ಯಾದಗಿರಿ ಜಿಲ್ಲೆಯೇ ಆದ್ದರಿಂದ ಸಂಖ್ಯೆ ಬದಲಾಗುವ ಪ್ರಶ್ನೆಯಿಲ್ಲ. ಇದಕ್ಕಿಂತ ದೊಡ್ಡ ತೊಡಕು 47ನೇ ಕಲಮಿನದು: ವಾಹನವನ್ನು ಬೇರೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿಯ ನೋಂದಣಿ ಸಂಖ್ಯೆ ಪಡೆಯಬೇಕು. ತೆಲಂಗಾಣದಲ್ಲಿ ಎಷ್ಟು ಕಾಲವಾಯಿತೆಂದು ಲೆಕ್ಕ ಹಾಕಿಕೊಳ್ಳಿ.

ಉತ್ತರ 3: ಕೋರ್ಟು ಕಚೇರಿ, ಕಲಬುರಗಿ

ಶಹಾಪುರದ ವಿಳಾಸಕ್ಕೆ ನನ್ನ ಒಪ್ಪಿಗೆಯಿದೆ, ಆದರೆ ಒಂದು ಷರತ್ತಿನ ಮೇಲೆ: ಅಂಚೆಯವನು ತಂದದ್ದನ್ನು ಅದೇ ದಿನ ತಮಗೆ ಫೋನಿನಲ್ಲಿ ಓದಿ ಹೇಳುವವರು ಆ ಮನೆಯಲ್ಲಿರಬೇಕು. ಅಪಘಾತವಾಗಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಪ್ರಕರಣ ದಾಖಲಾದರೆ ಮಾಲೀಕರಿಗೆ ಸಮನ್ಸು ಹೋಗುವುದು ದಾಖಲೆಯಲ್ಲಿರುವ ವಿಳಾಸಕ್ಕೇ. ಅದು ಮುಟ್ಟದೆ ಗೈರುಹಾಜರಾದರೆ, ತಮ್ಮ ಮಾತು ಕೇಳದೆಯೇ ತೀರ್ಪಾಗಬಹುದು.

ಇನ್ನೊಂದು ಮಾತು. ಗಾಡಿ ರಾತ್ರಿ ಎಲ್ಲಿ ನಿಲ್ಲುತ್ತದೆಂದು ಕಂಪನಿಯವರು ಕೇಳಿದರೆ ‘ಮನೆಯ ಕಾಂಪೌಂಡಿನೊಳಗೆ’ ಎಂದು ಬರೆಸಬೇಡಿ. ಸೈಟಿನ ಬಯಲಿನಲ್ಲಿ ನಿಲ್ಲುತ್ತದೆಂದೇ ಹೇಳಿ. ವಿಮೆಯ ಕರಾರು ನಿಂತಿರುವುದು ಪರಮ ವಿಶ್ವಾಸದ ಮೇಲೆ. ಗಾಡಿ ಕಳುವಾದ ದಿನ ತನಿಖೆಗೆ ಬಂದವರು ಮೊದಲು ಹುಡುಕುವುದು ಇಂಥ ಸುಳ್ಳನ್ನೇ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಧನ್ಯವಾದಗಳು. ಹೈದರಾಬಾದಿಗೆ ಬಂದು ವರ್ಷ ತುಂಬಿಲ್ಲ. ಹಬ್ಬಕ್ಕೆ ಊರಿಗೆ ಹೋಗುವಾಗ ನಮ್ಮ ಕಡೆಯ ಕೂಲಿಯವರನ್ನು ಕಾರಿನಲ್ಲಿ ಕರೆದೊಯ್ಯುತ್ತೇನೆ. ಅವರು ತಲಾ ಇಷ್ಟೆಂದು ಕೊಡುತ್ತಾರೆ. ಇದರಿಂದ ತೊಂದರೆಯಿದೆಯೇ?

ಉತ್ತರ 4: ವಿಮಾ ಏಜೆಂಟ್, ಕಲಬುರಗಿ

ಇದೆ, ಅದೂ ವಿಳಾಸಕ್ಕಿಂತ ದೊಡ್ಡ ತೊಂದರೆ. ಖಾಸಗಿ ಕಾರಿನ ಪಾಲಿಸಿಯಲ್ಲಿ ಬಾಡಿಗೆ ಅಥವಾ ಪ್ರತಿಫಲಕ್ಕಾಗಿ ಬಳಸಬಾರದೆಂಬ ಷರತ್ತು ಸ್ಪಷ್ಟವಾಗಿರುತ್ತದೆ. ಪುಕ್ಕಟೆ ಕರೆದೊಯ್ದರೆ ಆ ಷರತ್ತು ಅಡ್ಡ ಬರುವುದಿಲ್ಲ; ತಲೆಗಿಷ್ಟೆಂದು ಹಣ ಪಡೆದರೆ ಕಂಪನಿ ಕ್ಲೇಮನ್ನು ನಿರಾಕರಿಸಲು ಅದೇ ಆಧಾರವಾಗುತ್ತದೆ. ನವೀಕರಣವನ್ನೂ ಮುಂದೂಡಬೇಡಿ: ಅವಧಿ ಮುಗಿದು 90 ದಿನ ಕಳೆದರೆ ನೋ ಕ್ಲೇಮ್ ಬೋನಸ್ (ಕ್ಲೇಮು ಮಾಡದಿದ್ದುದಕ್ಕೆ ಪ್ರೀಮಿಯಮ್ಮಿನಲ್ಲಿ ಸಿಗುವ ರಿಯಾಯಿತಿ) ಹೋಗುತ್ತದೆ, ಅದಕ್ಕೂ ಮೊದಲು ವಿಮೆಯಿಲ್ಲದೆ ಸಿಕ್ಕಿಬಿದ್ದರೆ ಮೊದಲ ಬಾರಿಗೇ 2,000 ರೂಪಾಯಿ ದಂಡವಿದೆ. ಆರ್‌ಸಿ ತಿದ್ದುಪಡಿ ಅಷ್ಟರಲ್ಲಿ ಮುಗಿಯದಿದ್ದರೆ ಸದ್ಯಕ್ಕೆ ನವೀಕರಿಸಿಬಿಡಿ. ಹೊಸ ಆರ್‌ಸಿ ಕೈಗೆ ಬಂದ ಮೇಲೆ ಪಾಲಿಸಿಯ ವಿಳಾಸವನ್ನು ಎಂಡಾರ್ಸ್‌ಮೆಂಟ್ (ಪಾಲಿಸಿಗೆ ಸೇರಿಸುವ ತಿದ್ದುಪಡಿ) ಮೂಲಕ ಬದಲಿಸಿಕೊಳ್ಳಬಹುದು.