ಐಎಸ್‌ಐ ಗುರುತು ಕೈಗೇ ಬಂದ ಕುಕ್ಕರ್: ಯಾರನ್ನು ಕೇಳುವುದು?

ನಿವೃತ್ತ ಅಂಚೆ ನೌಕರ, ಹಾಸನ:

ಕಳೆದ ತಿಂಗಳು ದೊಡ್ಡ ಜಾಲತಾಣವೊಂದರಿಂದ 1,649 ರೂಪಾಯಿ ಕೊಟ್ಟು 5 ಲೀಟರ್ ಕುಕ್ಕರ್ ತರಿಸಿದೆ. ಒಂಬತ್ತನೆಯ ದಿನ ಮನೆಯಾಕೆ ನಾರಿನಿಂದ ಉಜ್ಜುತ್ತಿದ್ದಾಗ ತಳದಲ್ಲಿದ್ದ ಐಎಸ್‌ಐ ಗುರುತು ಸುರುಳಿ ಸುತ್ತಿಕೊಂಡು ಕೈಗೇ ಬಂತು. ಬರೀ ಸ್ಟಿಕ್ಕರ್. ಅದರಡಿ ಅಚ್ಚೂ ಇಲ್ಲ, ಪರವಾನಗಿ ಸಂಖ್ಯೆಯೂ ಇಲ್ಲ. ಹಿಂದಿರುಗಿಸುವ ಗಡುವು ಏಳೇ ದಿನವಂತೆ. ಮೂರು ಸಲ ಫೋನ್ ಮಾಡಿದೆ; ಮೂವರೂ ಹೇಳಿದ್ದು ಒಂದೇ ಮಾತು: "ಮಾರಿದವರು ನಾವಲ್ಲ ಸರ್."

ಬಿಲ್ಲಿನಲ್ಲಿದ್ದ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಹಾಕಿದೆ. "ಈ ಹೆಸರಿನವರು ಇಲ್ಲಿಲ್ಲ" ಎಂಬ ಷರಾ ಹೊತ್ತು ಮರಳಿತು. 31 ವರ್ಷ ಇಂತಹ ಲಕೋಟೆಗಳನ್ನು ವಿಂಗಡಿಸಿದವನು ನಾನು. ನನ್ನದೇ ವಾಪಸಾದಾಗ ಮೈ ಉರಿಯಿತು. ಪೋಸ್ಟ್‌ಮ್ಯಾನ್ ಬೀದಿಯ ಹೆಸರಿನ ಕೆಳಗೆ ಎರಡು ಗೆರೆ ಎಳೆದಿದ್ದಾನೆ. ಪಾಪ, ಹುಡುಕಿದ್ದಾನೆ. ಹಣ ಪಡೆದದ್ದು ಜಾಲತಾಣ, ಡಬ್ಬಕ್ಕೆ ಸುತ್ತಿದ ಟೇಪೂ ಅದರದೇ. ಹೊಣೆ ಮಾತ್ರ ಬೇರೆಯವರದು ಹೇಗೆ?

ಪಾತ್ರೆ ಅಂಗಡಿಯವನು, ದಾವಣಗೆರೆ:

ಯಜಮಾನರೇ, ನಾನೂ ಇಂತಹ ಜಾಲತಾಣದಲ್ಲಿ ಮಾರುತ್ತೇನೆ. ಪ್ಯಾನ್, ಬ್ಯಾಂಕ್ ಖಾತೆ ಪಡೆಯದೆ ನನ್ನನ್ನು ಸೇರಿಸಿಕೊಳ್ಳಲಿಲ್ಲ. ಕಮಿಷನ್ ಮುರಿದುಕೊಂಡು ಮಿಕ್ಕದ್ದನ್ನು ಖಾತೆಗೆ ಹಾಕುವವರೂ ಅವರೇ. ಹಣ ಮುಟ್ಟಿಸಲು ಆಸಾಮಿ ಸಿಗುತ್ತಾನೆ, ದೂರು ಮುಟ್ಟಿಸಲು ಸಿಗುವುದಿಲ್ಲವೇ? ಹಾಗೆಂದು ಗಿರಾಕಿಗಳೆಲ್ಲ ಸಾಚಾ ಅಲ್ಲ. ಹೊಸದನ್ನು ಇಟ್ಟುಕೊಂಡು, ಹಿಡಿ ಮುರಿದ ಹಳೆಯ ಕುಕ್ಕರ್ ನನಗೆ ವಾಪಸು ಕಳಿಸಿದವರಿದ್ದಾರೆ.

ವಕೀಲೆ, ಮೈಸೂರು:

"ನಾವು ಮಧ್ಯವರ್ತಿಗಳು" ಎನ್ನುವ ರಕ್ಷಣೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಕಲಮಿನದು. ಷರತ್ತು ಪಾಲಿಸಿದವರಿಗೆ ಮಾತ್ರ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಜಾಲತಾಣದ ಕುಂದುಕೊರತೆ ಅಧಿಕಾರಿಯು ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಖರೀದಿಸಿದವರು ಲಿಖಿತವಾಗಿ ಕೇಳಿದರೆ ಮಾರಾಟಗಾರನ ಕೇಂದ್ರ ಕಚೇರಿ, ಶಾಖೆಗಳ ವಿಳಾಸ, ಇಮೇಲ್ ಕೊಡಲೇಬೇಕು. ಫೋನ್ ಬಿಡಿ, ಬರೆಯಿರಿ.

ಕುಕ್ಕರಿನದೇ ಪ್ರಕರಣ ಒಂದಿದೆ. 2021ರ ಫೆಬ್ರವರಿಯಿಂದ ಮನೆಬಳಕೆಯ ಪ್ರೆಷರ್ ಕುಕ್ಕರಿಗೆ ಐಎಸ್‌ಐ ಗುರುತು ಕಡ್ಡಾಯ. ಅದನ್ನು ಮೀರಿ ಅಮೆಜಾನ್‌ನಲ್ಲಿ ಮಾರಾಟವಾದ 2,265 ಕುಕ್ಕರುಗಳನ್ನು ಹಿಂಪಡೆದು ಹಣ ಮರಳಿಸುವಂತೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಆಗಸ್ಟ್‌ನಲ್ಲಿ ಆದೇಶಿಸಿತು. ದಂಡ 1 ಲಕ್ಷ ರೂಪಾಯಿ. ಅವುಗಳ ಮಾರಾಟದಿಂದ ಬಂದಿದ್ದ ಕಮಿಷನ್ 6.14 ಲಕ್ಷ! ದಂಡ ನೋಡಿ ನಗಬಹುದು. ಆದರೆ ಪ್ರತಿ ಮಾರಾಟದಲ್ಲೂ ಪಾಲು ಪಡೆಯುವವರು ಕೈತೊಳೆದುಕೊಳ್ಳುವಂತಿಲ್ಲ ಎಂಬ ಪ್ರಾಧಿಕಾರದ ನಿಲುವು ನಿಮ್ಮ ಅರ್ಜಿಗೆ ಆಧಾರವಾಗುತ್ತದೆ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಬಗೆಹರಿಯದಿದ್ದರೆ ಹಾಸನದ ಜಿಲ್ಲಾ ಗ್ರಾಹಕ ಆಯೋಗಕ್ಕೇ ಹೋಗಬಹುದು; ಈ ಮೊತ್ತಕ್ಕೆ ಶುಲ್ಕವಿಲ್ಲ. ಕುಕ್ಕರ್, ಸ್ಟಿಕ್ಕರ್, ಲಕೋಟೆ ಮೂರನ್ನೂ ಜೋಪಾನವಾಗಿಡಿ.

ನಿವೃತ್ತ ಅಂಚೆ ನೌಕರ:

ಉಪಕಾರವಾಯಿತು ತಾಯಿ. ಕುಂದುಕೊರತೆ ಅಧಿಕಾರಿಗೆ ಇಮೇಲ್ ಕಳಿಸಿ, ಅದರ ಪ್ರತಿಯನ್ನು ಸ್ಪೀಡ್ ಪೋಸ್ಟ್‌ನಲ್ಲೂ ಹಾಕಿದ್ದೇನೆ, ಹಳೆಯ ಚಾಳಿ. ಸ್ಟಿಕ್ಕರ್ ಪಂಚಾಂಗದೊಳಗಿದೆ. ಕುಕ್ಕರ್ ಮಾತ್ರ ಮನೆಯಾಕೆಯ ವಶದಲ್ಲಿದೆ. ಅದರಲ್ಲಿ ರಾಗಿ ತುಂಬಿಟ್ಟಿದ್ದಾಳೆ, ಸಾಕ್ಷ್ಯಕ್ಕೆ ಬೇಕಾದರೆ ಮೊದಲು ಡಬ್ಬ ತಂದುಕೊಡಿ ಎನ್ನುತ್ತಾಳೆ.